ಮೆಮೋರಿಯಲ್ ಡೇ: ಮಗನನ್ನು ಕಳೆದುಕೊಂಡ ನೆರೆಯವರಿಗೆ ಏನು ಹೇಳಲಿ?

ಪ್ರಶ್ನೆ: ನಾವು ಮೈಸೂರಿನವರು. ಎರಡು ವರ್ಷದಿಂದ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ಕಳೆದ ಮೇ ಕೊನೆಯ ಸೋಮವಾರ ಆಫೀಸು, ಸ್ಕೂಲು ಎರಡಕ್ಕೂ ರಜೆ ಇತ್ತು. ಬೀದಿಯಲ್ಲೆಲ್ಲ ಬಾರ್ಬೆಕ್ಯೂ ಹೊಗೆ, ಅಂಗಡಿಗಳಲ್ಲಿ ಸೇಲ್. ಪಕ್ಕದ ಮನೆಯ ಅಜ್ಜಿ ಹೊರಗೆ ನಿಂತಿದ್ದರು. ನಾನು ನಗುತ್ತಾ "ಹ್ಯಾಪಿ ಮೆಮೋರಿಯಲ್ ಡೇ" ಅಂದೆ. ಅವರು ಸುಮ್ನೆ ತಲೆಯಾಡಿಸಿ ಒಳಗೆ ಹೋದರು. ಅವರ ಮಗ ಅಫ್ಘಾನಿಸ್ತಾನದಲ್ಲಿ ತೀರಿಕೊಂಡಿದ್ದಾನೆ ಅಂತ ಆಮೇಲೆ ಗೊತ್ತಾಯಿತು. ಅವರ ಕಿಟಕಿಯಲ್ಲಿ ಬಂಗಾರದ ನಕ್ಷತ್ರ ಇರುವ ಚಿಕ್ಕ ಬಾವುಟ ಇದೆ. ಇಷ್ಟು ದಿನ ಅದನ್ನು ಅಲಂಕಾರ ಅಂದುಕೊಂಡಿದ್ದೆ. ನಿಜಕ್ಕೂ ಈ ದಿನ ಏನು? ಆ ದಿನ ಪಿಕ್ನಿಕ್ ಮಾಡುವುದು ತಪ್ಪಾ? ನಮ್ಮಂಥ ಹೊರಗಿನವರು ಸೈನಿಕರ ಸ್ಮಶಾನಕ್ಕೆ ಹೋಗಬಹುದಾ? ಒಂಬತ್ತು ವರ್ಷದ ಮಗಳಿಗೆ ಹೇಗೆ ತಿಳಿಸಲಿ? ಆ ಅಜ್ಜಿಯ ಹತ್ತಿರ ಈಗ ಏನು ಮಾತಾಡಲಿ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಕಸಿವಿಸಿಯ ಬಗ್ಗೆ. ನೀವು ಅಂದ ಮಾತನ್ನು ಅಮೆರಿಕದಲ್ಲೇ ಹುಟ್ಟಿ ಬೆಳೆದವರೂ ಪ್ರತಿ ವರ್ಷ ಅನ್ನುತ್ತಾರೆ. ಅಂಗಡಿಯ ಕೌಂಟರಿನಲ್ಲಿ, ಆಫೀಸಿನ ಈಮೇಲಿನಲ್ಲಿ, ಟೀವಿ ಜಾಹೀರಾತಿನಲ್ಲಿ ಅದೇ ಮಾತು. ನಿಮ್ಮ ನೆರೆಯವರು ಅದನ್ನು ಕೇಳಿದ್ದು ಮೊದಲ ಸಲವೇನೂ ಇರಲಾರದು. ಆದರೂ ಅದು ಚುಚ್ಚುತ್ತದೆ. ಯಾಕೆಂದರೆ ಅವರ ಪಾಲಿಗೆ ಅದು ಮಗನ ತಿಥಿ ಇದ್ದ ಹಾಗೆ. ತಿಥಿಯ ಮನೆಗೆ ಹೋಗಿ ನಾವು ಶುಭಾಶಯ ಹೇಳುತ್ತೇವಾ? ಹಾಗಂತ ತಿಥಿಯ ಮನೆಯಲ್ಲಿ ಬರೀ ಅಳುವೂ ಇರುವುದಿಲ್ಲ. ನೆಂಟರು ಬರುತ್ತಾರೆ, ವಡೆ ಪಾಯಸ ಆಗುತ್ತದೆ, ಮಕ್ಕಳು ಅಂಗಳದಲ್ಲಿ ಆಡುತ್ತಿರುತ್ತವೆ. ಆದರೆ ಆ ಊಟ ಯಾರ ಹೆಸರಿನಲ್ಲಿ ಅಂತ ಬಂದ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ನಿಮ್ಮ ಎಲ್ಲ ಪ್ರಶ್ನೆಗಳಿಗೂ ನನ್ನ ಉತ್ತರ ಹೆಚ್ಚುಕಡಿಮೆ ಇದರ ಮೇಲೇ ನಿಂತಿದೆ. ಮೆಮೋರಿಯಲ್ ಡೇ ಹೆಸರುಗಳ ದಿನ. ಯಾರ ಹೆಸರಿನಲ್ಲಿ ಅನ್ನುವುದು ಮರೆತರೆ ಅದು ಬರೀ ರಜೆ.

ಅಮೆರಿಕದಲ್ಲಿ ಸೈನಿಕರಿಗೆ ಸೇರಿದ ಮುಖ್ಯ ದಿನಗಳು ಮೂರು ಇವೆ, ಅಲ್ಲಿನವರೇ ಅವನ್ನು ಒಂದಕ್ಕೊಂದು ಬೆರೆಸಿಬಿಡುತ್ತಾರೆ. ಮೇ ಮೂರನೇ ಶನಿವಾರದ ಆರ್ಮ್ಡ್ ಫೋರ್ಸಸ್ ಡೇ ಈಗ ಸೇವೆಯಲ್ಲಿರುವವರದ್ದು. ನವೆಂಬರ್ 11ರ ವೆಟರನ್ಸ್ ಡೇ ಸೇನೆಯಲ್ಲಿ ದುಡಿದ ಎಲ್ಲರದ್ದು, ಮುಖ್ಯವಾಗಿ ಬದುಕಿರುವವರಿಗೆ ಥ್ಯಾಂಕ್ಸ್ ಹೇಳುವ ದಿನ. ಮೆಮೋರಿಯಲ್ ಡೇ ಮಾತ್ರ ಸೇವೆಯಲ್ಲಿದ್ದಾಗ ಪ್ರಾಣ ಕೊಟ್ಟವರದ್ದು. ಅದಕ್ಕೇ ಆ ದಿನ ನಿವೃತ್ತ ಸೈನಿಕರಿಗೆ ಥ್ಯಾಂಕ್ಸ್ ಹೇಳಿದರೆ ಕೆಲವರು ಮುಜುಗರಪಡುತ್ತಾರೆ. "ಇವತ್ತು ನನ್ನ ದಿನ ಅಲ್ಲ, ವಾಪಸ್ ಬರದೇ ಇದ್ದವರ ದಿನ" ಅನ್ನುತ್ತಾರೆ.

ಇದು ಶುರುವಾದದ್ದು ಅಮೆರಿಕದ ಅಂತರ್ಯುದ್ಧದ ಬೂದಿಯಿಂದ. 1861ರಿಂದ 1865ರವರೆಗೆ ಉತ್ತರದ ರಾಜ್ಯಗಳೂ ದಕ್ಷಿಣದ ರಾಜ್ಯಗಳೂ ಹೊಡೆದಾಡಿದವು. ಬುಡದಲ್ಲಿದ್ದ ಜಗಳ ಗುಲಾಮಗಿರಿಯದ್ದು. ಸತ್ತ ಸೈನಿಕರು ಸುಮಾರು 6,20,000 ಅಂತ ಹಳೆಯ ಲೆಕ್ಕ. ಈಚಿನ ಅಂದಾಜು 7,50,000ದ ಹತ್ತಿರ ಹೋಗುತ್ತದೆ. ಆಗ ಇಡೀ ದೇಶದ ಜನಸಂಖ್ಯೆ ಸುಮಾರು 3 ಕೋಟಿ 10 ಲಕ್ಷ ಅಷ್ಟೇ. ಸತ್ತವರನ್ನು ಗುರುತಿಸಿ, ಹೂತು, ಮನೆಗೆ ಸುದ್ದಿ ಮುಟ್ಟಿಸುವ ಸರಿಯಾದ ಏರ್ಪಾಡೇ ಸೇನೆಯಲ್ಲಿರಲಿಲ್ಲ. ಈಗಿನ ಹಾಗೆ ಕೊರಳಲ್ಲಿ ಗುರುತಿನ ಬಿಲ್ಲೆ ಕೊಡುತ್ತಿರಲಿಲ್ಲ. ಎಷ್ಟೋ ಸೈನಿಕರು ತಮ್ಮ ಹೆಸರು, ಊರು ಚೀಟಿಯಲ್ಲಿ ಬರೆದು ಕೋಟಿಗೆ ಪಿನ್ನು ಚುಚ್ಚಿಕೊಂಡು ಯುದ್ಧಕ್ಕೆ ಇಳಿಯುತ್ತಿದ್ದರು. ಸಾಯುವುದಕ್ಕಿಂತ ಹೆಸರಿಲ್ಲದೆ ಸಾಯುವುದರ ಭಯ ಅದು. ಯುದ್ಧ ಮುಗಿದ ಮೇಲೆ ಸರ್ಕಾರ ಹೊಲ, ಕಾಡು, ರಸ್ತೆ ಬದಿ ಎಲ್ಲ ಹುಡುಕಿಸಿ ಉತ್ತರದ ಪಡೆಯ 3 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ನ್ಯಾಷನಲ್ ಸಿಮೆಟ್ರಿಗಳಿಗೆ, ಅಂದರೆ ಸರ್ಕಾರವೇ ನಡೆಸುವ ಸೈನಿಕರ ಸ್ಮಶಾನಗಳಿಗೆ, ಸಾಗಿಸಿತು. ಅವರಲ್ಲಿ ಅರ್ಧದ ಹತ್ತಿರ ಜನರ ಹೆಸರು ಸಿಗಲೇ ಇಲ್ಲ. ದಕ್ಷಿಣದ ಸೈನಿಕರನ್ನು ಸರ್ಕಾರ ಮುಟ್ಟಲಿಲ್ಲ. ಅವರ ಸಮಾಧಿಗಳನ್ನು ಆಯಾ ಊರಿನ ಹೆಂಗಸರೇ ಸಂಘ ಕಟ್ಟಿಕೊಂಡು ನೋಡಿಕೊಂಡರು.

ಈ ದಿನವನ್ನು ಮೊದಲು ಆಚರಿಸಿದ್ದು ಯಾರು ಅನ್ನುವ ಬಗ್ಗೆ ಹಲವು ಊರುಗಳ ನಡುವೆ ಪೈಪೋಟಿ ಇದೆ. ನ್ಯೂಯಾರ್ಕ್ ರಾಜ್ಯದ ವಾಟರ್‌ಲೂ ಅನ್ನುವ ಊರಿನಲ್ಲಿ 1866ರ ಮೇ 5ರಂದು ಅಂಗಡಿ ಮುಚ್ಚಿ, ಬಾವುಟ ಇಳಿಸಿ ಆಚರಿಸಿದರು. 1966ರಲ್ಲಿ ಸರ್ಕಾರ ಆ ಊರಿಗೇ ಅಧಿಕೃತ ಜನ್ಮಸ್ಥಳದ ಪಟ್ಟ ಕೊಟ್ಟಿದೆ. ಆದರೆ ನನ್ನ ಮನಸ್ಸು ಹೋಗುವುದು ಅದಕ್ಕೂ ಒಂದು ವರ್ಷ ಮುಂಚೆ ದಕ್ಷಿಣ ಕೆರೋಲಿನಾದ ಚಾರ್ಲ್ಸ್‌ಟನ್‌ನಲ್ಲಿ ನಡೆದದ್ದರ ಕಡೆಗೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಚಾರ್ಲ್ಸ್‌ಟನ್‌ನಲ್ಲಿ ಶ್ರೀಮಂತ ಜಮೀನುದಾರರ ಒಂದು ಕುದುರೆ ರೇಸ್ ಮೈದಾನ ಇತ್ತು. ಯುದ್ಧದ ಕೊನೆಯ ವರ್ಷ ದಕ್ಷಿಣದವರು ಅದನ್ನು ಜೈಲು ಮಾಡಿಕೊಂಡು, ಸೆರೆ ಸಿಕ್ಕ ಉತ್ತರದ ಸೈನಿಕರನ್ನು ಬಯಲಲ್ಲೇ ಇಟ್ಟರು. ಮಳೆ, ಬಿಸಿಲು, ರೋಗಕ್ಕೆ ಸಿಕ್ಕಿ ಕನಿಷ್ಠ 257 ಮಂದಿ ಸತ್ತರು. ಪ್ರೇಕ್ಷಕರ ಕಟ್ಟೆಯ ಹಿಂದೆ ಒಂದೇ ಗುಂಡಿಯಲ್ಲಿ ಅವರನ್ನು ಹಾಕಿ ಮುಚ್ಚಿದ್ದರು. 1865ರ ಫೆಬ್ರವರಿಯಲ್ಲಿ ಊರು ಉತ್ತರದವರ ಕೈಗೆ ಬಂತು. ಅನುಕೂಲ ಇದ್ದ ಬಿಳಿಯರು ಹೆಚ್ಚಿನವರು ಊರು ಬಿಟ್ಟಿದ್ದರು. ಉಳಿದವರು ಜಾಸ್ತಿ ಮಂದಿ ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದ ಕಪ್ಪು ಜನ. ಏಪ್ರಿಲ್‌ನಲ್ಲಿ ಅವರಲ್ಲಿ ಇಪ್ಪತ್ತೆಂಟು ಗಂಡಸರು ಸೇರಿ ಆ ಗುಂಡಿ ಅಗೆದರು. ಒಬ್ಬೊಬ್ಬರನ್ನೂ ಹೊರತೆಗೆದು, ಬೇರೆ ಬೇರೆ ಸಮಾಧಿ ತೋಡಿ, ಸಾಲಾಗಿ ಮಲಗಿಸಿದರು. ಸುತ್ತ ಎತ್ತರದ ಬೇಲಿ ಕಟ್ಟಿ ಸುಣ್ಣ ಬಳಿದರು. ಬಾಗಿಲ ಮೇಲೆ ಕಮಾನು ಮಾಡಿ "ರೇಸ್ ಕೋರ್ಸಿನ ಹುತಾತ್ಮರು" ಅಂತ ಬರೆದರು. ಎರಡು ವಾರದ ಕೆಲಸ. ತಮ್ಮನ್ನು ಬಿಡಿಸಲು ಬಂದು ಸತ್ತವರನ್ನು ಹೀಗೆ ಬಿಡಬಾರದು ಅನ್ನುವುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು.

ಮೇ 1ರಂದು ಸುಮಾರು 10,000 ಜನ ಅಲ್ಲಿಗೆ ಮೆರವಣಿಗೆ ಬಂದರು. ಮುಂದೆ ನಡೆದವರು ಸುಮಾರು 3,000 ಕಪ್ಪು ಮಕ್ಕಳು. ಹೊಸದಾಗಿ ಶಾಲೆಗೆ ಸೇರಿದ್ದ ಮಕ್ಕಳು, ಕೈತುಂಬ ಗುಲಾಬಿ. ಅವರ ಹಿಂದೆ ಹೂಬುಟ್ಟಿ ಹೊತ್ತ ಹೆಂಗಸರು, ಆಮೇಲೆ ಗಂಡಸರು, ಕಪ್ಪು ಸೈನಿಕರ ದಳಗಳು. ಸಮಾಧಿಗಳ ಮೇಲೆ ಹೂ ಹಾಕಿ, ಬೈಬಲ್ ಓದಿ, ಹಾಡಿದರು. ಇದೆಲ್ಲ ಮುಗಿದ ಮೇಲೆ ಅಷ್ಟೂ ಜನ ಮೈದಾನದಲ್ಲಿ ಕೂತು ಪಿಕ್ನಿಕ್ ಮಾಡಿದರು, ಭಾಷಣ ಕೇಳಿದರು, ಸೈನಿಕರ ಕವಾಯತು ನೋಡಿದರು.

ಪಿಕ್ನಿಕ್ ತಪ್ಪಾ ಅಂತ ಕೇಳಿದ್ದೀರಿ. ಚಾರ್ಲ್ಸ್‌ಟನ್‌ನ ಆ ದಿನವೇ ನಿಮಗೆ ಉತ್ತರ ಕೊಡುತ್ತದೆ ಅಂತ ನನಗನಿಸುತ್ತದೆ. ಅಲ್ಲಿ ಊಟ ಇತ್ತು, ಆದರೆ ಮೊದಲು ಹಾರೆ ಗುದ್ದಲಿ ಹಿಡಿದ ಕೆಲಸ ಆಗಿತ್ತು, ಹೂ ಏರಿಸಿ ಆಗಿತ್ತು. ಬದುಕಿದ್ದವರು ಒಟ್ಟಿಗೆ ಕೂತು ಉಣ್ಣುವುದು ಸತ್ತವರಿಗೆ ಅವಮಾನ ಅಲ್ಲವೇ ಅಲ್ಲ. ಗುಂಡಿಯಲ್ಲಿ ಮುಚ್ಚಿ ಮರೆತುಬಿಡುವುದು ಅವಮಾನ. ದುಃಖದ ಸಂಗತಿ ಅಂದರೆ ಇದನ್ನೆಲ್ಲ ಮಾಡಿದವರನ್ನೇ ಊರು ಮರೆಯಿತು. ಅಲ್ಲಿದ್ದ ಸೈನಿಕರ ಅವಶೇಷಗಳನ್ನು ಆಮೇಲೆ ಅದೇ ರಾಜ್ಯದ ಬ್ಯೂಫರ್ಟ್‌ನ ನ್ಯಾಷನಲ್ ಸಿಮೆಟ್ರಿಗೆ ಸಾಗಿಸಿದರು. ಮೈದಾನ ಪಾರ್ಕ್ ಆಯಿತು, ಅದಕ್ಕೆ ದಕ್ಷಿಣದ ಪಡೆಯ ಸೇನಾಧಿಕಾರಿಯೊಬ್ಬನ ಹೆಸರಿಟ್ಟರು. ಡೇವಿಡ್ ಬ್ಲೈಟ್ ಅನ್ನುವ ಇತಿಹಾಸಕಾರರು ಹಳೆಯ ಕಾಗದಗಳಲ್ಲಿ ಇದರ ಸುಳಿವು ಹಿಡಿದು ಜನರ ಮುಂದಿಡುವ ಹೊತ್ತಿಗೆ ನೂರಮೂವತ್ತು ವರ್ಷ ಕಳೆದಿತ್ತು. ಯಾರನ್ನು ನೆನೆಯಬೇಕು ಅನ್ನುವುದನ್ನು ಕೈಯಲ್ಲಿ ಅಧಿಕಾರ ಇದ್ದವರು ತೀರ್ಮಾನಿಸುತ್ತಾರೆ. ಹಾಗಾಗಿ ಮೆಮೋರಿಯಲ್ ಡೇ ಬಗ್ಗೆ ಯಾರಿಗೆ ಹೇಳಿದರೂ ಚಾರ್ಲ್ಸ್‌ಟನ್ ಬಗ್ಗೆ ಹೇಳಲೇಬೇಕು ಅನ್ನುವುದು ನನ್ನ ಹಟ.

ಮಿಸಿಸಿಪಿಯ ಕೊಲಂಬಸ್‌ನದ್ದೂ ಮರೆಯುವಂಥದ್ದಲ್ಲ. 1866ರ ಏಪ್ರಿಲ್ 25ರಂದು ಅಲ್ಲಿನ ಹೆಂಗಸರು ತಮ್ಮ ಗಂಡ, ಮಕ್ಕಳ ಸಮಾಧಿಗೆ ಹೂ ಹಾಕಲು ಹೋದರು. ಅದೇ ಸ್ಮಶಾನದಲ್ಲಿ ಶತ್ರು ಪಡೆಯ, ಅಂದರೆ ಉತ್ತರದ ಸೈನಿಕರ ಸಮಾಧಿಗಳೂ ಇದ್ದವು, ಬೋಳು ಬೋಳಾಗಿ. ಅವಕ್ಕೂ ಹೂ ಹಾಕಿ ಬಂದರು.

1868ರಲ್ಲಿ ಇದೆಲ್ಲಕ್ಕೂ ಒಂದು ರಾಷ್ಟ್ರೀಯ ರೂಪ ಬಂತು. ಉತ್ತರದ ಮಾಜಿ ಸೈನಿಕರ ಸಂಘದ ಮುಖ್ಯಸ್ಥ ಜನರಲ್ ಜಾನ್ ಲೋಗನ್ ಮೇ 30ರಂದು ದೇಶದಾದ್ಯಂತ ಸೈನಿಕರ ಸಮಾಧಿಗಳಿಗೆ ಹೂ ಏರಿಸಬೇಕು ಅಂತ ಆದೇಶ ಕಳಿಸಿದರು. ಆ ವರ್ಷ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ನ್ಯಾಷನಲ್ ಸಿಮೆಟ್ರಿಯಲ್ಲಿ ಸುಮಾರು 5,000 ಜನ ಸೇರಿ ಸುಮಾರು 20,000 ಸಮಾಧಿಗಳನ್ನು ಸಿಂಗರಿಸಿದರು. ಆಗ ಇದರ ಹೆಸರು ಡೆಕೊರೇಷನ್ ಡೇ. ಮೊದಲ ಮಹಾಯುದ್ಧದ ನಂತರ ಎಲ್ಲ ಯುದ್ಧಗಳಲ್ಲಿ ಸತ್ತವರನ್ನೂ ಇದರಲ್ಲಿ ಸೇರಿಸಿಕೊಂಡರು.

ಲಾಂಗ್ ವೀಕೆಂಡ್ ಬಂದದ್ದು ಬಹಳ ತಡವಾಗಿ. 1968ರ ಒಂದು ಕಾನೂನು ಹಲವು ರಜೆಗಳನ್ನು ಸೋಮವಾರಕ್ಕೆ ಎಳೆದು ತಂದಿತು, 1971ರಿಂದ ಅದು ಜಾರಿಗೆ ಬಂತು. ಮೇ 30 ಹೋಗಿ ಮೇ ಕೊನೆಯ ಸೋಮವಾರ ಆಯಿತು. ಸ್ಕೂಲು ಮುಗಿಯುವ, ಬೇಸಿಗೆ ಶುರುವಾಗುವ ಹೊತ್ತು. ಮೂರು ದಿನ ರಜೆ ಒಟ್ಟಿಗೆ ಸಿಕ್ಕರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ. ಎರಡನೇ ಮಹಾಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದ ಹವಾಯಿಯ ಸೆನೆಟರ್ ಡೇನಿಯಲ್ ಇನೌಯೆ ದಿನಾಂಕವನ್ನು ಮೇ 30ಕ್ಕೇ ವಾಪಸ್ ತರಬೇಕು ಅಂತ 2012ರಲ್ಲಿ ಸಾಯುವವರೆಗೂ ಮತ್ತೆ ಮತ್ತೆ ಮಸೂದೆ ಮಂಡಿಸಿದರು. ಆಗಲಿಲ್ಲ. 1996ರಲ್ಲಿ ವಾಷಿಂಗ್ಟನ್ ನೋಡಲು ಬಂದಿದ್ದ ಶಾಲಾ ಮಕ್ಕಳನ್ನು ಮೆಮೋರಿಯಲ್ ಡೇ ಅಂದರೇನು ಅಂತ ಕೇಳಿದಾಗ, "ಈಜುಕೊಳ ತೆರೆಯುವ ದಿನ" ಅಂದರಂತೆ. ಆ ಉತ್ತರ ಕೇಳಿದವರ ಪ್ರಯತ್ನದಿಂದಲೇ ಇನ್ನೊಂದು ಹೊಸ ರೂಢಿ ಬಂತು. 2000ದಲ್ಲಿ ಕಾನೂನೇ ಆಯಿತು: ಆ ದಿನ ಮಧ್ಯಾಹ್ನ 3 ಗಂಟೆಗೆ, ಎಲ್ಲೇ ಇದ್ದರೂ, ಒಂದು ನಿಮಿಷ ಮೌನ. ಬಾರ್ಬೆಕ್ಯೂ ಒಲೆಯ ಮುಂದೆ ನಿಂತಿದ್ದರೂ ಸರಿ, ಇಕ್ಕಳ ಕೆಳಗಿಟ್ಟು ಒಂದು ನಿಮಿಷ ನಿಲ್ಲಬಹುದು. ನಿಮ್ಮ ಮನೆಯಲ್ಲಿ ಮುಂದಿನ ಮೇನಲ್ಲಿ ಇದೊಂದನ್ನು ಖಂಡಿತ ಮಾಡಿ.

ಹೆಸರುಗಳ ದಿನ ಅಂದೆನಲ್ಲ, ಅದಕ್ಕೆ ಎರಡು ಜಾಗಗಳ ಬಗ್ಗೆ ಹೇಳಲೇಬೇಕು.

ಒಂದು, ಆರ್ಲಿಂಗ್ಟನ್‌ನ ಅನಾಮಿಕ ಸೈನಿಕನ ಸಮಾಧಿ. 1921ರಲ್ಲಿ ಮೊದಲ ಮಹಾಯುದ್ಧದ ಹೆಸರು ತಿಳಿಯದ ಒಬ್ಬ ಸೈನಿಕನನ್ನು ಅಲ್ಲಿ ಇಟ್ಟರು. ಆಮೇಲೆ ಎರಡನೇ ಮಹಾಯುದ್ಧದ ಒಬ್ಬ, ಕೊರಿಯಾ ಯುದ್ಧದ ಒಬ್ಬ ಸೇರಿದರು. 1937ರಿಂದ ಅಲ್ಲಿ ಹಗಲು ರಾತ್ರಿ ಕಾವಲು ಇದೆ. ಕಾವಲಿನವನು 21 ಹೆಜ್ಜೆ ನಡೆಯುತ್ತಾನೆ, ತಿರುಗಿ 21 ಸೆಕೆಂಡ್ ನಿಲ್ಲುತ್ತಾನೆ, ಮತ್ತೆ ನಡೆಯುತ್ತಾನೆ. 1984ರ ಮೆಮೋರಿಯಲ್ ಡೇ ದಿನ ಅಧ್ಯಕ್ಷ ರೇಗನ್ ಮುಂದೆ ವಿಯೆಟ್ನಾಂ ಯುದ್ಧದ ಒಬ್ಬ ಅನಾಮಿಕನನ್ನೂ ಅಲ್ಲಿ ಹೂತರು. ಹದಿನಾಲ್ಕು ವರ್ಷ ಕಳೆದ ಮೇಲೆ, ಅದು ತಮ್ಮ ಹುಡುಗನೇ ಇರಬಹುದು ಅಂತ ಒಂದು ಕುಟುಂಬ ಪಟ್ಟು ಹಿಡಿಯಿತು. 1998ರ ಮೇ ತಿಂಗಳಲ್ಲಿ ಸಮಾಧಿ ತೆರೆದರು. ಡಿಎನ್ಎ ಪರೀಕ್ಷೆ ಮಾಡಿದರು. 1972ರಲ್ಲಿ ವಿಮಾನ ಉರುಳಿ ಸತ್ತ ಮೈಕೆಲ್ ಬ್ಲಾಸಿ ಅನ್ನುವ ವಾಯುಪಡೆಯ ಪೈಲಟ್ ಅಂತ ಗೊತ್ತಾಯಿತು. ದೇಶದ ಅತಿ ದೊಡ್ಡ ಗೌರವದ ಜಾಗದಿಂದ ಎತ್ತಿ, ಅವನ ಊರಾದ ಸೇಂಟ್ ಲೂಯಿಸ್‌ನ ಸ್ಮಶಾನದಲ್ಲಿ, ಅವನದೇ ಹೆಸರಿನ ಕಲ್ಲಿನ ಕೆಳಗೆ ಮಲಗಿಸಿದರು. ಆರ್ಲಿಂಗ್ಟನ್‌ನ ಆ ಜಾಗ ಇವತ್ತಿಗೂ ಖಾಲಿ ಇಟ್ಟಿದ್ದಾರೆ. ಇಪ್ಪತ್ತನಾಲ್ಕು ಗಂಟೆ ಕಾವಲಿನ ಅಮೃತಶಿಲೆಯ ಸಮಾಧಿ ಬೇಡ, ಹೆಸರಿರುವ ಒಂದು ಕಲ್ಲು ಸಾಕು ಅಂತ ಆ ಕುಟುಂಬ ಬಯಸಿತು. ನಿಮ್ಮ ಪಕ್ಕದ ಮನೆಯ ತಾಯಿಯ ಮನಸ್ಸು ಅರ್ಥವಾಗಬೇಕಾದರೆ ಇದನ್ನು ಸ್ವಲ್ಪ ಹೊತ್ತು ಯೋಚಿಸಿ ನೋಡಿ.

ಇನ್ನೊಂದು ಜಾಗ ವಾಷಿಂಗ್ಟನ್‌ನ ವಿಯೆಟ್ನಾಂ ಸ್ಮಾರಕ. 1982ರಲ್ಲಿ ಆಯಿತು. ವಿನ್ಯಾಸ ಮಾಡಿದಾಗ ಮಾಯಾ ಲಿನ್‌ಗೆ 21 ವರ್ಷ, ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ. ನೆಲ ಸೀಳಿದ ಹಾಗೆ ಎರಡು ಕಪ್ಪು ಗೋಡೆ, ಅದರ ಮೇಲೆ 58,000ಕ್ಕೂ ಹೆಚ್ಚು ಹೆಸರು. ಅಷ್ಟೇ. ಹೆಸರಿನ ಮುಂದೆ ಹುದ್ದೆಯಿಲ್ಲ. ಅಕ್ಷರಮಾಲೆಯ ಕ್ರಮವೂ ಇಲ್ಲ, ಬಿದ್ದ ದಿನದ ಕ್ರಮದಲ್ಲಿ ಹೆಸರು ಕೆತ್ತಿದ್ದಾರೆ. ಒಟ್ಟಿಗೆ ಸತ್ತವರು ಗೋಡೆಯಲ್ಲೂ ಒಟ್ಟಿಗೆ ಇರುತ್ತಾರೆ. ಸತ್ತದ್ದು ಖಚಿತವಾದವರ ಹೆಸರಿನ ಪಕ್ಕ ವಜ್ರದ ಆಕಾರದ ಗುರುತು. ಕಾಣೆಯಾದವರ ಪಕ್ಕ ಕೂಡಿಸುವ ಚಿಹ್ನೆ. ಎಲ್ಲೋ ಕಾಡಿನಲ್ಲಿ ಮೂಳೆ ಸಿಕ್ಕಿ ಗುರುತಾದರೆ ಆ ಚಿಹ್ನೆಯ ಮೇಲೆಯೇ ವಜ್ರ ಕೆತ್ತುತ್ತಾರೆ. ಜನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಕಲ್ಲಿನ ಹೊಳಪಿನಲ್ಲಿ, ಹೆಸರುಗಳ ನಡುವೆ, ಓದುತ್ತಿರುವವರ ಮುಖವೇ ಕಾಣುತ್ತದೆ. ಆ ಕಪ್ಪು ಗ್ರಾನೈಟ್ ಹೋಗಿದ್ದು ಎಲ್ಲಿಂದ ಗೊತ್ತಾ? ನಮ್ಮ ಬೆಂಗಳೂರಿನ ಕಡೆಯ ಕ್ವಾರಿಯಿಂದ. ಇಲ್ಲಿ ಕಲ್ಲು ಒಡೆದ ಕೈಗಳಿಗೆ ಅದರ ಮೇಲೆ ಯಾರ ಹೆಸರು ಬರುತ್ತದೆ ಅಂತ ಗೊತ್ತಿತ್ತೋ ಇಲ್ಲವೋ. ನಿಮ್ಮ ಮಗಳಿಗೆ ಇದನ್ನು ಹೇಳಿ, ಅವಳಿಗೆ ಈ ದಿನ ಪರದೇಶದ್ದು ಅನ್ನಿಸುವುದು ಸ್ವಲ್ಪ ಕಮ್ಮಿಯಾದೀತು.

ಆ ಯುದ್ಧದ ಬಗ್ಗೆ ಅಮೆರಿಕ ಎರಡು ಹೋಳಾಗಿತ್ತು. ಯುದ್ಧ ತಪ್ಪು ಅಂತ ಬೀದಿಗಿಳಿದವರು ಲಕ್ಷಾಂತರ. ಆ ಗೋಡೆ ಗೆದ್ದೆವು ಅನ್ನುವುದಿಲ್ಲ, ಸರಿಯಾಗಿತ್ತು ಅನ್ನುವುದೂ ಇಲ್ಲ. ಹಾಗಾಗಿಯೇ ಎರಡೂ ಕಡೆಯವರು ಅಲ್ಲಿ ಬಂದು ಅಳುತ್ತಾರೆ. ಅಫ್ಘಾನಿಸ್ತಾನ, ಇರಾಕ್ ಯುದ್ಧಗಳ ಬಗ್ಗೆ ನಿಮಗೆ ಬೇರೆ ಅಭಿಪ್ರಾಯ ಇರಬಹುದು. ಇರಲಿ. ಯುದ್ಧಕ್ಕೆ ಕಳಿಸಿದವರ ತೀರ್ಮಾನವನ್ನು ಒಪ್ಪದೆಯೂ, ಹೋಗಿ ಸತ್ತ ಇಪ್ಪತ್ತೆರಡರ ಹುಡುಗನಿಗೆ ತಲೆಬಾಗಬಹುದು. ಆ ಚರ್ಚೆಗೆ ವರ್ಷದಲ್ಲಿ ಬೇರೆ ದಿನಗಳು ಬೇಕಾದಷ್ಟಿವೆ, ಅದು ನಡೆಯಲೂ ಬೇಕು. ಮೆಮೋರಿಯಲ್ ಡೇ ದಿನ, ತಾಯಿಯ ಮುಂದೆ ಬೇಡ.

ಕನ್ನಡದವರಾದ ನಮಗೆ ಇದು ಹೊಸದೇನೂ ಅಲ್ಲ. ನಮ್ಮ ಊರೂರಿನಲ್ಲಿ, ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ ವೀರಗಲ್ಲುಗಳು ನಿಂತಿವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತವನು. ರಾಜರಿಗಷ್ಟೇ ಅಲ್ಲ, ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರನ್ನು ತಡೆದು ಸತ್ತ ಹಳ್ಳಿಯವನಿಗೂ ಕಲ್ಲು ನೆಟ್ಟಿದ್ದಾರೆ. ಬೆಂಗಳೂರು ಅನ್ನುವ ಹೆಸರು ಸಿಗುವ ಅತಿ ಹಳೆಯ ಬರಹ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು. ಬೆಂಗಳೂರು ಕಾಳಗದಲ್ಲಿ ಸತ್ತವರನ್ನು ನೆನೆದು ನೆಟ್ಟ ಕಲ್ಲು ಅದು. ಇಷ್ಟು ದೊಡ್ಡ ಊರಿನ ಹೆಸರು ನಮಗೆ ಮೊದಲು ಸಿಗುವುದೇ ಸತ್ತ ಯೋಧರ ಜೊತೆ.

ಕಲ್ಲಿನ ಜೊತೆ ಇನ್ನೊಂದು ರೂಢಿಯೂ ಇತ್ತು, ಅದು ನನಗೆ ಕಲ್ಲಿಗಿಂತ ದೊಡ್ಡದಾಗಿ ಕಾಣುತ್ತದೆ. ಸತ್ತವನ ಮನೆಯವರಿಗೆ ಹೊಲ, ಗದ್ದೆ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಅಂತ ಅದಕ್ಕೆ ಹೆಸರು. ಗಂಡ ಸತ್ತ ಮನೆಯಲ್ಲಿ ನಾಳೆ ಒಲೆ ಉರಿಯಬೇಕಲ್ಲ? ನೆನಪು ಅಂದರೆ ಅದೂ ಸೇರಿಯೇ ಅಂತ ನಮ್ಮ ಹಿರಿಯರು ತಿಳಿದಿದ್ದರು. ಅಮೆರಿಕದಲ್ಲೂ ಈಗ ಸತ್ತ ಸೈನಿಕರ ಮನೆಯವರಿಗೆ ತಿಂಗಳ ಪರಿಹಾರ ಇದೆ. 2001ರ ಸೆಪ್ಟೆಂಬರ್ 11ರ ನಂತರ ಕರ್ತವ್ಯದಲ್ಲಿ ಸತ್ತವರ ಮಕ್ಕಳ ಓದಿಗೆ ಫ್ರೈ ಸ್ಕಾಲರ್‌ಶಿಪ್ ಇದೆ. ಭಾರತದಲ್ಲಿ ಡಿಸೆಂಬರ್ 7ರ ಧ್ವಜ ದಿನ 1949ರಿಂದ ನಡೆದುಕೊಂಡು ಬಂದಿದೆ. ಅಂದು ಚಿಕ್ಕ ಬಾವುಟ ಕೊಟ್ಟು ಕೂಡಿಸುವ ಹಣ ಸೈನಿಕರ ಕುಟುಂಬಗಳಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆ. ಚಿಕ್ಕವರಿದ್ದಾಗ ಸ್ಕೂಲಿನಲ್ಲಿ ಆ ಬಾವುಟ ಅಂಗಿಗೆ ಚುಚ್ಚಿಕೊಂಡಿದ್ದು ನಿಮಗೂ ನೆನಪಿರಬಹುದು. ಕಾರ್ಗಿಲ್ ವಿಜಯ ದಿವಸ ಜುಲೈ 26ಕ್ಕೆ, 1971ರ ಯುದ್ಧದ ವಿಜಯ ದಿವಸ ಡಿಸೆಂಬರ್ 16ಕ್ಕೆ. ನಮ್ಮಲ್ಲಿ ಇವಕ್ಕೆ ದೇಶಾದ್ಯಂತ ರಜೆ ಇಲ್ಲ. ರಜೆ ಕೊಟ್ಟರೆ ಜಾಸ್ತಿ ನೆನೆಯುತ್ತೇವೆ ಅಂತ ನನಗೇನೂ ಅನಿಸುವುದಿಲ್ಲ, ಅಮೆರಿಕದ ಸೋಮವಾರವನ್ನು ನೋಡಿದ ಮೇಲಂತೂ.

ಇನ್ನು ಸ್ಮಶಾನಕ್ಕೆ ಹೋಗುವ ವಿಷಯ. ಖಂಡಿತ ಹೋಗಬಹುದು. ಪೌರತ್ವ, ವೀಸಾ ಯಾರೂ ಕೇಳುವುದಿಲ್ಲ. ನಿಮ್ಮ ಹತ್ತಿರವೇ ಡಲ್ಲಾಸ್ ಫೋರ್ಟ್ ವರ್ತ್ ನ್ಯಾಷನಲ್ ಸಿಮೆಟ್ರಿ ಇದೆ. ಇಂಥ ಕಡೆ ಮೆಮೋರಿಯಲ್ ಡೇಗೆ ಮುಂಚಿನ ದಿನಗಳಲ್ಲಿ ಸ್ವಯಂಸೇವಕರು, ಸ್ಕೌಟ್ ಮಕ್ಕಳು ಸೇರಿ ಸಮಾಧಿಗಳ ಮುಂದೆ ಚಿಕ್ಕ ಬಾವುಟ ನೆಡುತ್ತಾರೆ. ಆರ್ಲಿಂಗ್ಟನ್‌ನಲ್ಲಿ ಈ ಕೆಲಸ ಓಲ್ಡ್ ಗಾರ್ಡ್ ಅನ್ನುವ ಸೇನಾ ದಳದ್ದು. ಕೆಲವೇ ಗಂಟೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಬಾವುಟ. ಸೈನಿಕ ತನ್ನ ಬೂಟಿನ ತುದಿಯನ್ನು ಕಲ್ಲಿಗೆ ತಾಗಿಸಿ, ಹಿಮ್ಮಡಿಯ ಹತ್ತಿರ ಬಾವುಟ ಚುಚ್ಚುತ್ತಾನೆ. ಎಲ್ಲ ಬಾವುಟವೂ ಕಲ್ಲಿನಿಂದ ಒಂದೇ ದೂರದಲ್ಲಿ ಇರಲಿ ಅಂತ. ನಿಮ್ಮ ಕಡೆಯ ಸಿಮೆಟ್ರಿಯ ಆಫೀಸಿಗೆ ಫೋನ್ ಮಾಡಿ, ಬಾವುಟ ನೆಡುವ ದಿನ ಮಕ್ಕಳನ್ನು ಕರೆತರಬಹುದಾ ಅಂತ ಕೇಳಿ. ಭಾಷಣ ಕೇಳುವುದಕ್ಕಿಂತ ಆ ಒಂದು ಬೆಳಗ್ಗೆ ಒಳ್ಳೆಯದು.

ಅಲ್ಲಿಗೆ ಹೂ ಒಯ್ಯಬಹುದು. ತಿಂಡಿ ಡಬ್ಬಿ ಬಿಚ್ಚುವಂತಿಲ್ಲ, ಮಕ್ಕಳು ಸಮಾಧಿಗಳ ನಡುವೆ ಓಡಾಡಿ ಗಲಾಟೆ ಮಾಡುವಂತಿಲ್ಲ. ಕಲ್ಲುಗಳ ಮೇಲೆ ಕಾಸು ಕಾಣಿಸಿದರೆ ಎತ್ತಿಕೊಳ್ಳಬಾರದು ಅಂತ ಮಗಳಿಗೆ ಮೊದಲೇ ಹೇಳಿರಿ. ಅದೊಂದು ರೂಢಿ. ಒಂದು ಸೆಂಟಿನ ಪೆನ್ನಿ ಇಟ್ಟರೆ ಯಾರೋ ಬಂದು ಹೋದರು ಅಂತ. ಐದು ಸೆಂಟಿನ ನಿಕಲ್ ಇಟ್ಟರೆ ಅವನ ಜೊತೆ ತರಬೇತಿ ಪಡೆದವರು. ಹತ್ತು ಸೆಂಟಿನ ಡೈಮ್ ಇಟ್ಟರೆ ಜೊತೆಗೆ ಸೇವೆ ಮಾಡಿದವರು. ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ಇಟ್ಟಿದ್ದರೆ ಅವನು ಸಾಯುವಾಗ ಪಕ್ಕದಲ್ಲಿದ್ದವರು ಬಂದಿದ್ದರು ಅಂತ. ಕಲ್ಲಿನ ಮೇಲಿನ ಧರ್ಮದ ಗುರುತುಗಳನ್ನೂ ನೋಡಿ. ಶಿಲುಬೆ ಜಾಸ್ತಿ, ಆದರೆ ಸರ್ಕಾರ ಒಪ್ಪಿದ ಗುರುತುಗಳಲ್ಲಿ ಓಂ ಕೂಡ ಇದೆ, ಸಿಖ್ಖರ ಖಂಡಾ ಕೂಡ ಇದೆ.

ಮಗಳಿಗೆ ಯುದ್ಧದ ಕಾರಣ, ರಾಜಕೀಯ ಎಲ್ಲ ಬೇಡ. ಒಂಬತ್ತು ವರ್ಷದ ಮಗುವಿಗೆ ಬಾವುಟ ಸಾಕು. ಆ ದಿನ ಬೆಳಗ್ಗೆ ಬಾವುಟ ಏರಿಸಿರುವ ಯಾವುದಾದರೂ ಜಾಗಕ್ಕೆ ಅವಳನ್ನು ಕರೆದುಕೊಂಡು ಹೋಗಿ. ಬಾವುಟ ಅರ್ಧಕ್ಕೆ ಹಾರುತ್ತಿರುತ್ತದೆ. ಮಧ್ಯಾಹ್ನ 12ಕ್ಕೆ ಅದನ್ನು ಪೂರ್ತಿ ಮೇಲಕ್ಕೆ ಏರಿಸುತ್ತಾರೆ. ಬೆಳಗ್ಗೆ ಅರ್ಧಕ್ಕೆ ಇರುವುದು ಸತ್ತವರಿಗಾಗಿ, ಮಧ್ಯಾಹ್ನದ ಮೇಲೆ ಅವರು ಬಿಟ್ಟುಹೋದ ಕೆಲಸವನ್ನು ಬದುಕಿರುವವರು ಕೈಗೆತ್ತಿಕೊಂಡರು ಅನ್ನುವುದಕ್ಕಾಗಿ. ಸಿಮೆಟ್ರಿಗೆ ಹೋದರೆ ಒಂದೇ ಒಂದು ಕಲ್ಲಿನ ಮುಂದೆ ನಿಲ್ಲಿ. ಅವಳೇ ಹೆಸರು ಜೋರಾಗಿ ಓದಲಿ. ಹುಟ್ಟಿದ ವರ್ಷ, ಸತ್ತ ವರ್ಷ ಕಳೆದು ಎಷ್ಟು ವಯಸ್ಸಾಗಿತ್ತು ಅಂತ ಅವಳೇ ಲೆಕ್ಕ ಮಾಡಲಿ. ನಮ್ಮ ಮನೆಯ ಅಣ್ಣಂದಿರ ವಯಸ್ಸು ಅಂತ ಅವಳೇ ಕಂಡುಕೊಳ್ಳುತ್ತಾಳೆ. ಆಮೇಲೆ ಅವಳು ಏನು ಕೇಳಿದರೂ ನಿಜವನ್ನೇ ಹೇಳಿ.

ಕೊನೆಗೆ ನಿಮ್ಮ ನೆರೆಯವರು. ಕಿಟಕಿಯ ಆ ಬಾವುಟ ಮೊದಲ ಮಹಾಯುದ್ಧದ ಕಾಲದಿಂದ ಬಂದದ್ದು. ಮನೆಯಿಂದ ಯುದ್ಧಕ್ಕೆ ಹೋದ ಒಬ್ಬೊಬ್ಬರಿಗೂ ಒಂದೊಂದು ನೀಲಿ ನಕ್ಷತ್ರ. ಅವರು ಸತ್ತರೆ ನೀಲಿಯ ಜಾಗಕ್ಕೆ ಬಂಗಾರದ ನಕ್ಷತ್ರ. ಹಾಗಾಗಿ ಇಂಥ ಮನೆಗಳನ್ನು ಗೋಲ್ಡ್ ಸ್ಟಾರ್ ಕುಟುಂಬ ಅನ್ನುತ್ತಾರೆ. ಅಂದರೆ ಅವರು ಮಗನನ್ನು ಮುಚ್ಚಿಟ್ಟುಕೊಂಡಿಲ್ಲ. ಬೀದಿಗೆ ಕಾಣುವ ಹಾಗೆ ಇಟ್ಟಿದ್ದಾರೆ, ಯಾರಾದರೂ ಕೇಳಲಿ ಅಂತಲೇ ಇರಬಹುದು.

ಮಕ್ಕಳನ್ನು ಕಳೆದುಕೊಂಡವರ ಹತ್ತಿರ ಆ ವಿಷಯ ತೆಗೆದರೆ ನೋವಾಗುತ್ತದೆ ಅಂತ ನಾವು ಸುಮ್ಮನಾಗಿಬಿಡುತ್ತೇವೆ. ನಾವು ಸುಮ್ಮನಿದ್ದರೆ ಅವರ ನೋವು ಕಮ್ಮಿಯಾಗುವುದಿಲ್ಲ. ಮಗನ ಹೆಸರು ಇನ್ನೊಬ್ಬರ ಬಾಯಲ್ಲಿ ಬರುವುದು ವರ್ಷ ಹೋದ ಹಾಗೆ ಅಪರೂಪವಾಗುತ್ತದೆ, ಅದು ಅವರಿಗೆ ಇನ್ನೂ ಕಷ್ಟ. ಹೋಗಿ ಬಾಗಿಲು ತಟ್ಟಿ. ಉದ್ದದ ಕ್ಷಮೆ ಬೇಡ, ಆಗ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. "ಅವತ್ತು ನನಗೆ ಗೊತ್ತಿರಲಿಲ್ಲ. ನಿಮ್ಮ ಮಗನ ಬಗ್ಗೆ ಹೇಳುತ್ತೀರಾ?" ಅಂತ ಇಷ್ಟೇ ಕೇಳಿ. ಬೇಡ ಅಂದರೆ ಒತ್ತಾಯ ಬೇಡ. ಹೇಳಿದರೆ ಅವನ ಹೆಸರು ಕೇಳಿ, ಹೇಗಿದ್ದ, ಏನು ಇಷ್ಟ ಇತ್ತು ಅಂತ ಕೇಳಿ. ಹೇಗೆ ಸತ್ತ ಅಂತ ನೀವಾಗಿ ಕೇಳಬೇಡಿ. "ಅವನು ಒಳ್ಳೆಯ ಕಡೆ ಇದ್ದಾನೆ", "ದೇವರ ಇಚ್ಛೆ" ಅನ್ನುವ ಮಾತುಗಳೂ ಬೇಡ.

ಇದಕ್ಕೆ ಮುಂದಿನ ಮೇ ತನಕ ಕಾಯಬೇಕಿಲ್ಲ. ಸೆಪ್ಟೆಂಬರ್ ಕೊನೆಯ ಭಾನುವಾರ ಅಮೆರಿಕದಲ್ಲಿ ಗೋಲ್ಡ್ ಸ್ಟಾರ್ ತಾಯಂದಿರ ಮತ್ತು ಕುಟುಂಬಗಳ ದಿನ. ಅಂದು ರಜೆ ಇಲ್ಲ, ಸೇಲ್ ಇಲ್ಲ, ಎಷ್ಟೋ ಜನರಿಗೆ ಅಂಥ ದಿನ ಇದೆ ಅಂತಲೇ ಗೊತ್ತಿಲ್ಲ. ಆ ಭಾನುವಾರ ಮಗಳನ್ನೂ ಕರೆದುಕೊಂಡು, ಮನೆಯಲ್ಲಿ ಏನಾದರೂ ಮಾಡಿಕೊಂಡು ಅವರ ಮನೆಗೆ ಹೋಗಿ ಬನ್ನಿ. ಮೇ ತಿಂಗಳು ಬಂದಾಗ, ಸಿಮೆಟ್ರಿಗೆ ಜೊತೆಯಲ್ಲಿ ಬರಬಹುದಾ ಅಂತ ಅವರನ್ನೇ ಕೇಳಿ.